ನೀಲಿ ಅದ್ದಿದ ಅಣ್ಣ

ಉಡುಪಿಯ ಕಲ್ಸಂಕದಲ್ಲಿ ಬಸ್ಸು ನಿಂತರೆ ಸುಲಭದಲ್ಲಿ ಹೊರಡುವುದಿಲ್ಲ. ಆ ಹೊತ್ತಿನಲ್ಲಿ ನಾನು ಫ್ಲೆಕ್ಸುಗಳನ್ನು ಎಣಿಸುತ್ತೇನೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ವರ್ಷವಾದರೆ ಎಣಿಕೆ ಮುಗಿಯುವ ಮಾತೇ ಇಲ್ಲ. ಜನವರಿ 18ರ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುವ ಎಷ್ಟೋ ದಿನ ಮೊದಲೇ ಶುಭ ಕೋರುವವರು ಕಂಬ ಕಂಬಗಳಲ್ಲಿ ಕೈಮುಗಿದು ನಿಂತಿರುತ್ತಾರೆ. ಬಂದರಿನಲ್ಲಿ ಮೂವತ್ತು ವರ್ಷ ಬಿಸಿಲು ಕುಡಿದವರಿಗೂ, ಎ.ಸಿ. ಕೋಣೆಯಿಂದ ಹೊರಗೆ ಕಾಲಿಡದವರಿಗೂ ಅಲ್ಲಿ ಒಂದೇ ಬಣ್ಣ: ಹಸುಗೂಸಿನ ಅಂಗಾಲಿನ ಗುಲಾಬಿ.

ಮಾಮೂಲಿ ಕಂಪ್ಯೂಟರ್ ಪರದೆ ಕೆಂಪು, ಹಸಿರು, ನೀಲಿಗೆ ತಲಾ 256 ಮೆಟ್ಟಿಲು ಇಟ್ಟುಕೊಂಡು 1,67,77,216 ಬಣ್ಣಗಳನ್ನು ತೋರಿಸುತ್ತದೆ. ನಮ್ಮ ಸಾರ್ವಜನಿಕ ಜೀವನಕ್ಕೆ ಅಷ್ಟರಲ್ಲಿ ಒಂದು ಸಾಕಾಗಿದೆ.

ನಾನು ಫೋಟೊ ತಿದ್ದಿ ಹೊಟ್ಟೆ ಹೊರೆಯುವವನು. ಕಳೆದ ವರ್ಷ ದುರ್ಬುದ್ಧಿ ಬಂದು ಪರದೆಯ ಬಣ್ಣ ಅಳೆಯುವ ಮಾಪಕವೊಂದನ್ನು ಕೊಂಡೆ. ಅದು ಅಂಗೈಯಗಲದ ಕಪ್ಪೆಯಂಥ ವಸ್ತು. ಪರದೆಯನ್ನು ಅರ್ಧ ಗಂಟೆ ಉರಿಸಿ ಬಿಸಿ ಮಾಡಿ, ಈ ಕಪ್ಪೆಯನ್ನು ಅದರ ಎದೆಯ ಮೇಲೆ ಇಳಿಬಿಡಬೇಕು. ಪರದೆ ಒಮ್ಮೆ ಕೆಂಪಾಗುತ್ತದೆ, ಒಮ್ಮೆ ಹಸಿರಾಗುತ್ತದೆ, ಆಮೇಲೆ ಬೂದಿಯ ಹತ್ತಾರು ಛಾಯೆಗಳಲ್ಲಿ ಬೆಳಗುತ್ತದೆ. ಕಪ್ಪೆ ಎಲ್ಲವನ್ನೂ ನೋಡಿ, ಲೆಕ್ಕ ಹಾಕಿ, ಎಲ್ಲಿ ಎಷ್ಟು ಸುಳ್ಳಿದೆ ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಗೆ ಪ್ರೊಫೈಲ್ ಎಂದು ಹೆಸರು. ಬಿಳುಪು 6500 ಕೆಲ್ವಿನ್, ನಡುಛಾಯೆಗಳ ತೆಳು-ಗಾಢ ನಿರ್ಧರಿಸುವ ಗಾಮಾ 2.2, ಬೆಳಕು ಚದರ ಮೀಟರಿಗೆ ಸುಮಾರು 120 ಕ್ಯಾಂಡೆಲಾ: ಫೋಟೊ ಕೆಲಸಕ್ಕೆ ಹೆಚ್ಚಿನವರು ಇಷ್ಟಕ್ಕೆ ನಿಲ್ಲಿಸುತ್ತಾರೆ.

ನಿಲ್ಲಿಸಿದ ಮೇಲೆ ಮನೆಯವರೆಲ್ಲ ಹೌಹಾರಿದರು. ಪರದೆ ಮಂಕಾಗಿದೆ, ಹಳದಿಯಾಗಿದೆ! ಹೊಸ ಮಾನಿಟರುಗಳು ಅಂಗಡಿಯಲ್ಲಿ ಪಳಪಳಿಸಲೆಂದೇ ತುಸು ನೀಲಿ ಹೆಚ್ಚಿಸಿಕೊಂಡು ಬರುವುದುಂಟು. ಪಂಚೆಗೆ ನೀಲಿ ಅದ್ದಿ ಅದನ್ನೇ ಬಿಳಿ ಎಂದು ಉಟ್ಟ ಜನ ನಾವು. ಆ ಪರದೆ ನಮಗೆ ಒಗ್ಗದೆ ಇನ್ನಾರಿಗೆ ಒಗ್ಗೀತು? ಶಂಕರಪುರ ಮಲ್ಲಿಗೆಯ ಚೆಂಡನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಮಲ್ಲಿಗೆ ಹಳತಿರಬೇಕು ಎಂದರು.

ಅಷ್ಟರಲ್ಲಿ ಗಿರಾಕಿ ಬಂದರು, ಊರಿನ ಪುಢಾರಿ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸಿಗೆ. ತಂದವನು ಒಬ್ಬ ಯುವಕ. ಪರದೆ ನೋಡಿದವನೇ, "ಮಾರಾಯರೇ, ನಿಮ್ಮ ಕಂಪ್ಯೂಟರಿಗೆ ಕಾಮಾಲೆಯೇ?" ಎಂದ. ತನ್ನ ಮೊಬೈಲನ್ನು ಪೂರ್ತಿ ಬೆಳಕಿಗೆ ಏರಿಸಿ ನನ್ನ ಕಣ್ಣಿಗೆ ಹಿಡಿದ. ಅಲ್ಲಿ ಅಣ್ಣ ಟ್ಯೂಬ್‌ಲೈಟಿನ ಹಾಗೆ ಹೊಳೆಯುತ್ತಿದ್ದರು. ಮಾಪಕದಿಂದ ಅಳೆದಿದ್ದೇನೆ ಎಂದೆ.

"ಮಾಪಕ ಓಟು ಹಾಕುತ್ತದೆಯೇ?"

ಅಣ್ಣ ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದರು. ಪರದೆಯ ಮೇಲಿದ್ದ ಬಣ್ಣವೇ ಕುರ್ಚಿಯಲ್ಲೂ ಇತ್ತು. ಯುವಕ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ, "ಅಣ್ಣನಿಗೆ ಈಗ ಬಿಸಿಲಲ್ಲಿ ಸುತ್ತಾಟ ಹೆಚ್ಚು" ಎಂದ. ಕೆಟ್ಟದ್ದು ಪರದೆಯಲ್ಲ, ಅಸಲಿ ಪ್ರತಿಯೇ ಎಂದಾಯಿತು. ಅಣ್ಣ ತಲೆಯಾಡಿಸಿ ಒಪ್ಪಿಕೊಂಡರು. ನಾನು ಗುಲಾಬಿ ಹಚ್ಚಿದೆ. ಕಪ್ಪೆಗೆ ಕೊಟ್ಟ ದುಡ್ಡು ದುಡಿಯಬೇಕಲ್ಲ.

ಯಕ್ಷಗಾನದ ವೇಷಧಾರಿಯೂ ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಮೆತ್ತಿಕೊಳ್ಳುತ್ತಾನೆ. ಆದರೆ ಬೆಳಗಾಗುತ್ತಲೇ ತೆಂಗಿನೆಣ್ಣೆ ಹಚ್ಚಿ ಒರೆಸಿ, ತನ್ನದೇ ಮುಖ ಹೊತ್ತು ಬಸ್ಸು ಹತ್ತುತ್ತಾನೆ. ಫ್ಲೆಕ್ಸಿನ ವೇಷಕ್ಕೆ ಮಂಗಳವೇ ಇಲ್ಲ.

ಅಂದರೆ, ಮನುಷ್ಯರು ಹಾಡುವ ಮಂಗಳ ಇಲ್ಲ. ಒರೆಸುವ ಕೆಲಸಕ್ಕೆ ಕರಾವಳಿಯ ಬಿಸಿಲೇ ಬರಬೇಕು. ಮುದ್ರಣದ ನಾಲ್ಕು ಶಾಯಿಗಳಲ್ಲಿ ಮಜೆಂಟಾ ಮತ್ತು ಹಳದಿ ಬಿಸಿಲಿಗೆ ಬೇಗ ಸೋಲುತ್ತವೆ. ಸಯಾನ್ ಎಂಬ ನೀಲಿ, ಜೊತೆಗೆ ಕಪ್ಪು, ಹಟ ಹಿಡಿದು ಉಳಿಯುತ್ತವೆ. ಜನವರಿಯಲ್ಲಿ ಕಟ್ಟಿ, ಬಿಚ್ಚಲು ಮರೆತ ಅಣ್ಣನ ಕೆನ್ನೆಯ ಗುಲಾಬಿ ಮಾರ್ಚ್‌ಗೆ ಇಳಿದಿತ್ತು. ಮೇ ತಿಂಗಳಲ್ಲಿ ನೋಡುತ್ತೇನೆ, ಹಣೆ, ಕೆನ್ನೆ, ಮುಗಿದ ಕೈ ಎಲ್ಲವೂ ನೀಲಮೇಘಶ್ಯಾಮ.

ಬಸ್ಸು ಎಂದಿನಂತೆ ಕಲ್ಸಂಕದಲ್ಲಿ ನಿಂತಿತ್ತು. ಪಕ್ಕದ ಸೀಟಿನ ಅಜ್ಜಿ ಕಿಟಕಿಯಿಂದ ಅತ್ತ ನೋಡಿ, ಕಣ್ಣು ಮುಚ್ಚಿ ಕೈಮುಗಿದರು. ಕೃಷ್ಣಮಠದ ರಥಬೀದಿ ಇರುವುದೂ ಅದೇ ದಿಕ್ಕಿನಲ್ಲಿ. ನಾನು ಕೇಳಲು ಹೋಗಲಿಲ್ಲ.