ವಿಳಾಸದ ಕಾಲಂನಲ್ಲಿ ಪಿ.ಜೆ. ಬಡಾವಣೆ

ಮೊನ್ನೆ ಇಲ್ಲಿ, ನ್ಯೂಜೆರ್ಸಿಯಲ್ಲಿ, ಕನ್ನಡದವರೊಬ್ಬರ ಮನೆಯಲ್ಲಿ ಊಟ. ಮಾತು ಅಕ್ರಮ ವಲಸಿಗರ ಕಡೆ ತಿರುಗಿತು. "ಕಳ್ಳದಾರೀಲಿ ಬಂದೋರನ್ನ ವಾಪಸ್ ಕಳಿಸಬೇಕು ಕಣ್ರೀ, ಅಷ್ಟೇ" ಅಂದರು ಒಬ್ಬರು. ದೊಡ್ಡವರ ವಿಷಯ ಬೇಕಾದರೆ ಜಗಳ ಆಡೋಣ. ನಾಲ್ಕು ವರ್ಷದ ಮಗು ಏನು ಮಾಡಿತ್ತು? ಅಪ್ಪ ಹೆಗಲ ಮೇಲೆ ಹೊತ್ತುಕೊಂಡ, ಬಂತು.

ನಾನು ಓದಿದ್ದು ದಾವಣಗೆರೆಯಲ್ಲಿ. ಮಂಡಕ್ಕಿ ಭಟ್ಟಿ ಕೆಲಸಕ್ಕೆ ಆಂಧ್ರದ ಕಡೆಯಿಂದ ಬಂದವರ ಹುಡುಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ, ತಲೆಗೂದಲಲ್ಲಿ ಯಾವಾಗಲೂ ಹೊಟ್ಟಿನ ಧೂಳು. ಮೇಷ್ಟ್ರು "ಯಾವೂರಪ್ಪ ನಿಂದು?" ಅಂತ ಕೇಳಿದರು, ಟಿಸಿ ತಗೊಂಡು ಬಾ ಅಂದರು, ಅವನು ತರಲಿಲ್ಲ, ಅವರೂ ಮರೆತರು. ಈಗ ಅವನದೇ ಮಿರ್ಚಿ ಅಂಗಡಿ ಇದೆ, ಓಟೂ ಅಲ್ಲೇ. ಒಂದೇ ದೇಶದೊಳಗಿನ ಮಾತು ಅದು, ಗಡಿ ದಾಟಿದ್ದಲ್ಲ, ಒಪ್ಪಿದೆ. ನಮ್ಮೂರಿನವರೂ ಈಗೀಗ ಹಿಂದಿ ಮಾತಾಡುವ ಕೂಲಿಯವರನ್ನು ಕಂಡರೆ ಮುಖ ಸಿಂಡರಿಸುತ್ತಾರೆ ಬಿಡಿ.

ಅಮೆರಿಕದಲ್ಲೂ ಸ್ಕೂಲಿನ ಬಾಗಿಲು ಹಾಕುವಂತಿಲ್ಲ. ಕಾಗದ ಇಲ್ಲದ ಮಗುವಿಗೂ ಸರ್ಕಾರಿ ಸ್ಕೂಲಿನಲ್ಲಿ ಜಾಗ ಕೊಡಬೇಕು ಅಂತ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಕಷ್ಟ ಇರೋದು ಸ್ಕೂಲು ಮುಗಿದ ಮೇಲೆ. ಕಾಗದ ಇಲ್ಲದೆ ಚಿಕ್ಕಂದಿನಲ್ಲೇ ಬಂದವರನ್ನು ಹೊರಗೆ ಕಳಿಸದೆ ಕೆಲಸಕ್ಕೂ ಬಿಡುವ 'ಡಾಕಾ' ಅಂತ 2012ರಲ್ಲಿ ಒಬಾಮಾ ತಂದದ್ದು ಇದೆ, ಆದರೆ ಅದು ಎರಡೆರಡು ವರ್ಷದ ಪರವಾನಗಿ ಅಷ್ಟೇ, ಪೌರತ್ವ ಅಲ್ಲ. ನಮ್ಮ ಆಫೀಸಿನ ಮೆಕ್ಸಿಕೋ ಹುಡುಗಿಗೆ ಅದು ಸಿಕ್ಕಿದೆ. ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲಿಲ್ಲ. ಮೊದಲೇ ಅನುಮತಿ ತಗೊಳ್ಳದೆ ಹೋದರೆ ವಾಪಸ್ ಬರೋದೇ ಕಷ್ಟ. ಕಾರ್ಡಿನ ಮೇಲಿನ ಕೊನೇ ತಾರೀಕು ಅವಳಿಗೆ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ.

ಇನ್ನು ನಮ್ಮ ಕಥೆ. ನಾವು ಸರಿಯಾಗಿ ವೀಸಾ ಹಾಕಿಸಿಕೊಂಡೇ ಬಂದವರು. ಮಗಳಿಗೆ ಆಗ ಎರಡು ವರ್ಷ, ಈಗ ಇಪ್ಪತ್ತು. ಕೆಲಸದ ಮೇಲೆ ಬಂದವರಿಗೆ ವರ್ಷವರ್ಷ ಕೊಡುವ ಗ್ರೀನ್ ಕಾರ್ಡಿನಲ್ಲಿ (ಇಲ್ಲೇ ಕಾಯಂ ಇರುವ ಅನುಮತಿ) ಯಾವ ದೇಶಕ್ಕೂ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಜಾಸ್ತಿ ಇಲ್ಲ ಅನ್ನೋ ಲೆಕ್ಕದಲ್ಲಿ ನಮ್ಮ ಸರದಿ ಇನ್ನೂ ಬಂದಿಲ್ಲ. ಇಪ್ಪತ್ತೊಂದು ತುಂಬಿದರೆ ಅವಳು ನನ್ನ ವೀಸಾದಿಂದ ಹೊರಗೆ. ಡಾಕಾನೂ ಇಲ್ಲ, ಯಾಕಂದರೆ 2012ರಲ್ಲಿ ಅವಳ ಕಾಗದ ಸರಿಯಾಗಿತ್ತು! ಊಟದ ಮನೆಯಲ್ಲಿ ಇದನ್ನು ಹೇಳಿದೆ. "ಅದು ಬೇರೆ ಬಿಡ್ರೀ" ಅಂದರು.

ಈಗ ಅವಳಿಗೆ ಸ್ಟೂಡೆಂಟ್ ವೀಸಾ ಅರ್ಜಿ ತುಂಬುತ್ತಿದ್ದೇನೆ. ಓದು ಮುಗಿದ ಮೇಲೆ ವಾಪಸ್ ಹೋಗುತ್ತೇನೆ ಅಂತ ತೋರಿಸಬೇಕು. ಹೊರದೇಶದ ವಿಳಾಸ ಕೇಳಿದ ಕಡೆ ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಹಳೇ ಮನೆ ಬರೆದೆ. ಬಸ್ ಸ್ಟ್ಯಾಂಡಿನಿಂದ ಆ ಮನೆಗೆ ಹೇಗೆ ಹೋಗಬೇಕು ಅಂತ ಅವಳಿಗೆ ಗೊತ್ತಿಲ್ಲ.