ನಮೂನೆ 4ರಲ್ಲಿ ಇಲ್ಲದ ಸಾಲು

ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ವೈದ್ಯರು ತುಂಬುವುದು ನಮೂನೆ 4. ಮನೆಯಲ್ಲಾದರೆ 4ಎ. ಸಾವಿನ ಕಾರಣಕ್ಕೆ ಅದರಲ್ಲಿ ಮೂರು ಸಾಲು. ಮೇಲಿನದು ತಕ್ಷಣದ ಕಾರಣ, ನಡುವಿನದು ಅದನ್ನು ತಂದದ್ದು, ಕೆಳಗಿನದು ಮೂಲ. ಬರೀ 'ಹೃದಯ ನಿಂತಿತು' ಅಂತ ಬರೆದರೆ ಪ್ರಯೋಜನವಿಲ್ಲ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಆದರೆ ಎಷ್ಟೇ ಸರಿಯಾಗಿ ತುಂಬಿದರೂ ಆ ಮೂರನೇ ಸಾಲು ಒಂದು ರೋಗದ ಹೆಸರಿಗೆ ಮುಗಿದುಹೋಗುತ್ತದೆ. ನಮ್ಮ ಕೊಡಗಿನ ಲೈನ್‌ಮನೆಗಳಲ್ಲಿ, ಅಂದರೆ ಕಾಫಿ ತೋಟದ ಕೂಲಿಕಾರರ ಸಾಲುಮನೆಗಳಲ್ಲಿ, 15ರಿಂದ 60ರ ಒಳಗೆ ಹೋಗುವವರ ವಿಷಯದಲ್ಲಿ (ವಯಸ್ಕರ ಮರಣವನ್ನು ಅಳೆಯುವುದು ಈ ವಯಸ್ಸಿನಲ್ಲೇ) ಅದರ ಕೆಳಗೆ ಇನ್ನೊಂದು ಸಾಲು ಬೇಕು: ಕೂಲಿ ಕೊಡುವ ಕ್ರಮ.

ಬಿಪಿಯನ್ನೇ ನೋಡಿ. ಆಮ್ಲೊಡಿಪಿನ್ 5 ಮಿಲಿಗ್ರಾಂ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 30 ದಿನಕ್ಕೆ ಕೊಟ್ಟರೆ ವರ್ಷಕ್ಕೆ 12 ಸಲ ಹೋಗಬೇಕು, ಅಂದರೆ 12 ದಿನದ ಕೂಲಿ ಖೋತಾ. ಕುಯ್ಲಿನ ಹೊತ್ತಲ್ಲಿ ಕೂಲಿ ಕೊಯ್ದ ಕೆಜಿ ಲೆಕ್ಕದಲ್ಲಿ, ಆಗ ಒಂದು ದಿನ ಬಿಟ್ಟರೆ ಇನ್ನೂ ಹೆಚ್ಚು ನಷ್ಟ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರೊಬಸ್ಟಾ ಕಾಫಿಯ ಕುಯ್ಲು ಮುಗಿಯುವ ತನಕ ಮಾತ್ರೆ ನಿಲ್ಲುತ್ತದೆ. ಬಿಪಿ ಏರಿದರೆ ಸಾಮಾನ್ಯವಾಗಿ ನೋವಿಲ್ಲ, ಸೂಚನೆಯೂ ಇಲ್ಲ. ಗೊತ್ತಾಗುವುದು ಲಕ್ವ ಹೊಡೆದಾಗ. ಇದಕ್ಕೆ ದಾರಿ ಎರಡು: ಬಿಪಿ ನಿಯಂತ್ರಣದಲ್ಲಿರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದು, ಇಲ್ಲವೇ ತಿಂಗಳಿಗೊಮ್ಮೆ ಅರ್ಧ ದಿನ ಕೂಲಿಸಹಿತ ರಜೆ. ಎರಡೂ ದೊಡ್ಡ ಖರ್ಚಲ್ಲ.

ಇದು ಬಡವರಿಗಷ್ಟೇ ಸಂಬಂಧಿಸಿದ್ದು ಅನ್ನುವವರಿಗೆ ಒಂದು ಮಾತು. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಎಲ್ಲರಿಗೂ ಖಾಯಂ ಕೆಲಸ, ಉಚಿತ ಚಿಕಿತ್ಸೆ ಇತ್ತು. ಆದರೂ ಕೆಳದರ್ಜೆಯವರ ಸಾವಿನ ಪ್ರಮಾಣ ಮೇಲ್ದರ್ಜೆಯವರ ಸುಮಾರು ಮೂರು ಪಟ್ಟು.

ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಎರಡು ತಿಂಗಳು ನಾಲ್ಕು ಔಷಧಿ, ನಾಲ್ಕು ತಿಂಗಳು ಮೂರು.   ಎಡವುವುದು ಎರಡನೇ ತಿಂಗಳ ನಂತರ: ಕೆಮ್ಮು ನಿಂತಿರುತ್ತದೆ, ಮತ್ತೊಬ್ಬ ಮಾಲೀಕರು ಮುಂಗಡ ಕೊಡುತ್ತಾರೆ, ಸಂಸಾರ ಬೇರೆ ತೋಟಕ್ಕೆ ಹೋಗುತ್ತದೆ. ಅಸ್ಸಾಂನವರಾದರೆ ಊರಿಗೇ. ಕ್ಷಯರೋಗಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ, ನಿಕ್ಷಯ್ ಸಂಖ್ಯೆ, ಇಡೀ ದೇಶಕ್ಕೆ ಒಂದೇ, ಹೊಸ ಜಾಗಕ್ಕೆ ವರ್ಗಾಯಿಸಬಹುದು. ಲೈನ್‌ಮನೆ ಖಾಲಿಯಾಗುವ ದಿನವೇ ತೋಟದ ಲೆಕ್ಕ ಬರೆಯುವ ರೈಟರ್ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಸಾಕು.

ಊಟದ ವಿಷಯ ಇನ್ನೂ ಮುಖ್ಯ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಷಯರೋಗಿಯ ಮನೆಯ ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಸುಮಾರು ಶೇ 40ರಷ್ಟು ಇಳಿಯಿತು. ಅಕ್ಕಿ ಪಡಿತರದಲ್ಲಿ ಬರುತ್ತದೆ. ಕ್ಷಯರೋಗಿಗೆ ಸರ್ಕಾರ ಕೊಡುವ ಪೋಷಣೆ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1,000 ರೂಪಾಯಿ. ಆದರೆ ಅದು ಹೋಗುವುದು ಬ್ಯಾಂಕ್ ಖಾತೆಗೆ. ಖಾತೆ ಇಲ್ಲದವರಿಗೆ, ಆಧಾರ್ ಜೋಡಣೆಯಾಗದವರಿಗೆ ಸಿಗುವುದು ಕಷ್ಟ. ಮಾಡಿಸಿಕೊಡುವುದು ಮಾಲೀಕರಿಗೆ ಒಂದು ಬೆಳಗಿನ ಕೆಲಸ.

ಇನ್ನು ಏಣಿ. ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಸತ್ತರೆ ಪತ್ರಿಕೆಯಲ್ಲಿ 'ಆಕಸ್ಮಿಕ' ಅಂತ ಬರುತ್ತದೆ. ಈ ಪದವನ್ನು ನಾನು ಒಪ್ಪುವುದಿಲ್ಲ. ಅಪಾಯ ಮರ ಹತ್ತುವಾಗಷ್ಟೇ ಅಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನಿಲ್ಲಿಸಿಕೊಂಡೇ ಸಾಗಿಸುವಾಗಲೂ ಇದೆ. ಕಣ್ಣು ಕಾಫಿ ಗಿಡದ ಸಂದಿನಲ್ಲಿ, ಏಣಿಯ ತುದಿ 11 ಕೆವಿ (11 ಸಾವಿರ ವೋಲ್ಟ್) ತಂತಿಯ ಹತ್ತಿರ. ಪ್ರತಿ ಸಲ ಮಲಗಿಸಿ ಮತ್ತೆ ಎತ್ತಲು ಹೊತ್ತು ಬೇಕು. ಕೆಜಿ ಲೆಕ್ಕದ ಕೂಲಿಯಲ್ಲಿ ಆ ಹೊತ್ತಿಗೆ ಬೆಲೆ ಇಲ್ಲ, ಅದಕ್ಕೇ ಮಲಗಿಸುವುದಿಲ್ಲ. ಬಿದಿರೇಣಿ ವಾಸಿ, ಆದರೆ ಇಬ್ಬನಿಯಲ್ಲಿ ನೆನೆದಿದ್ದರೆ ಅದನ್ನೂ ನಂಬಬಾರದು. ಫೈಬರ್ ಏಣಿಗೆ ದುಡ್ಡು ಹೆಚ್ಚು. ಅದಕ್ಕಿಂತ ಮೊದಲು ಮಾಡಬೇಕಾದದ್ದು ಬೇರೆ: ತಂತಿ ಹೋಗುವ ಸಾಲಿನ ಮರಗಳಿಗೆ ಸುಣ್ಣದ ಪಟ್ಟಿ ಬಳಿಯಿರಿ. ಆ ಮರಗಳ ಕೊಯ್ಲನ್ನು ಕೆಜಿ ಲೆಕ್ಕದಿಂದ ತೆಗೆದು ದಿನಗೂಲಿಗೆ ಹಾಕಿ, ಎಲ್ಲವನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ. ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ಗೆ ಮುಂಚೆಯೇ ಹೇಳಿ, ಲೈನ್ ಆಫ್ ಆಗಿದೆ ಎಂದು ಅವರೇ ಖಚಿತಪಡಿಸಿದ ಮೇಲೆ ಮೊದಲ ಏಣಿ ಎತ್ತಿಸಿ.