ಯಾರು ಹೋದರು?

ಹಾಲ್‌ನ ಪರದೆಗಳನ್ನು ನಿನ್ನೆಯಿಂದ ಎರಡು ಸಲ ಒಗೆದೆ. ವಾಸನೆ ಹೋಗಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮಂಥವರಿಗೆ ವಾರಕ್ಕೊಂದು ಭಾನುವಾರ, ಅದೂ ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಸಮೇತ. ಅದಕ್ಕೂ ನಮ್ಮ ಮನೆಯವರು ಹೊಗೆ ಹಾಕಿದರು.

ಇವರಿಗೆ ಹಳೇ ಕಂಪ್ಯೂಟರಿನ ಹುಚ್ಚು. ಊರಿನ ಗಂಡಸರೆಲ್ಲ ಗುಜರಿಯವನಿಗೆ ಕೊಟ್ಟಿದ್ದನ್ನು ಇವರು ಶುಕ್ರವಾರ ರಜೆ ಹಾಕಿ, ಚೋರ್ ಬಜಾರಿಗೆ ಹೋಗಿ, ರೊಕ್ಕ ಕೊಟ್ಟು ಮನೆಗೆ ತರುತ್ತಾರೆ. ಮನೆಯೋ ಒಂದು ಬಿಎಚ್‌ಕೆ. ದಿವಾನದ ಕೆಳಗೆ ಫ್ಲಾಪಿ ಡ್ರೈವ್, ನನ್ನ ಹಪ್ಪಳದ ಡಬ್ಬಿಯಲ್ಲಿ ಕೀಬೋರ್ಡಿನ ಗುಂಡಿಗಳು. ಹೋದ ತಿಂಗಳು ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಕಂಪ್ಯೂಟರ್ ಬಂತು. 1981ರ ತಳಿ, ಮೆಮೊರಿ 32 ಕೆಬಿ. ನಮ್ಮತ್ತೆ ದಿನಾ ಬಳಗಕ್ಕೆಲ್ಲ ಕಳಿಸುವ ಶುಭೋದಯದ ಗುಲಾಬಿ ಅದರೊಳಗೆ ಹಿಡಿಸಲಿಕ್ಕಿಲ್ಲ.

ನಿನ್ನೆ ನಾನು ಸಾರಿಗೆ ಇಂಗಿನ ಒಗ್ಗರಣೆ ಹಾಕುವುದಕ್ಕೂ ಹಾಲ್‌ನಲ್ಲಿ ಢಬ್ ಅನ್ನುವುದಕ್ಕೂ ಸರಿಹೋಯಿತು. ಓಡಿ ಬಂದರೆ ಟಿವಿ ಕಾಣುತ್ತಿಲ್ಲ, ಗಂಡನೂ ಕಾಣುತ್ತಿಲ್ಲ. ಹೊಗೆಯೊಳಗಿಂದ ದನಿ ಮಾತ್ರ ಬಂತು: "ಏನಿಲ್ಲ, ಕೆಪಾಸಿಟರ್ ಹೋತು."

ಒಳಗೆ ಜಪ ಮಾಡುತ್ತಿದ್ದ ಅತ್ತೆಗೆ ಕೊನೆಯ ಮಾತಷ್ಟೇ ಕೇಳಿಸಿತು. "ಯಾರ್ ಹೋದ್ರೋ?"

"ಕೆಪಾಸಿಟರ್, ಅವ್ವಾ!"

"ಎಲ್ಲಿಯವರು? ಸೂತಕ ಅದೇನು ನಮಗ?"

"ನಲವತ್ತು ವರ್ಷ ಆಗಿತ್ತವ್ವಾ, ಹೋಗೋದ ಇತ್ತು."

"ಅಯ್ಯೋ, ಬರೇ ನಲವತ್ತs?" ಅಂದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಬಂದರು. ಅಷ್ಟರಲ್ಲಿ ಬೆಲ್ಲು. ಎದುರುಮನೆಯ ಕಾಕೂ, ಮೂಗರಳಿಸಿಕೊಂಡು: "ವಹಿನಿ, ಸುಕಟ್ ಭಾಜ್ಲಂ ಕಾ?" ಈರುಳ್ಳಿಗೂ ಚಾತುರ್ಮಾಸ ನೋಡುವ ಮನೆಯಲ್ಲಿ ಒಣಸೀಗಡಿ ಹುರಿದಿರಾ ಎಂದು ಕೇಳಿಸಿಕೊಂಡದ್ದಾಯಿತು. ಕಾಕೂ ನಂಬಿಲ್ಲ. ಸಂಜೆ ಲಿಫ್ಟಿನಲ್ಲಿ ಸಿಕ್ಕಾಗ ಕಣ್ಣು ಮಿಟುಕಿಸಿದರು.

ಕೆಪಾಸಿಟರ್ ಅಂದರೆ ಕಂಪ್ಯೂಟರಿನ ಪವರ್ ಡಬ್ಬಿಯೊಳಗಿನ ಪುಟ್ಟ ಬಿಡಿಭಾಗ. ಅದರ ಕವಚ ವಯಸ್ಸಾದಂತೆ ಬಿರುಕು ಬಿಟ್ಟು, ಒಳಗಿನ ಕಾಗದ ತೇವ ಕುಡಿಯುತ್ತದಂತೆ. ಮುಂಬೈ ಮಳೆಗಾಲದಲ್ಲಿ ಕುಡಿಯಲು ಬರವೇ? ಇಷ್ಟೆಲ್ಲ ಆದರೂ ಅದಕ್ಕೆ ಜೋಡಿಸಿದ್ದ ಟಿವಿಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂಬ ಅಕ್ಷರ ಅಲುಗದೆ ಕೂತಿತ್ತು. ಬೈಯಲು ಬಾಯಿ ತೆರೆದವಳು ಅದನ್ನು ನೋಡಿ ನಿಂತೆ.

1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆ ಎಂದು ಶಾಲೆಗಳಿಗೆ ಹಂಚಲು ಹೊರಟದ್ದು ಇದೇ ಪೆಟ್ಟಿಗೆಗಳನ್ನು. ಧಾರವಾಡದ ನಮ್ಮ ಶಾಲೆಗೂ ಬಂದಿತ್ತು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕು. ಗರ್ಭಗುಡಿಗೂ ನಾವು ಅಷ್ಟು ಮಡಿಯಿಂದ ಹೋದವರಲ್ಲ. ವಾರಕ್ಕೊಮ್ಮೆ ಸರದಿ. ಒಂದೊಂದೇ ಅಕ್ಷರ ಹುಡುಕಿ ಹೊಡೆದು, ನನ್ನ ಹೆಸರು ಸ್ಕ್ರೀನ್ ತುಂಬ ಬರುವಂತೆ ಎರಡು ಸಾಲಿನ ಪ್ರೋಗ್ರಾಂ ಬರೆದಿದ್ದೆ. ರನ್ ಅನ್ನುವಷ್ಟರಲ್ಲಿ ಪಕ್ಕದವಳ ಮೊಣಕೈ ಬ್ರೇಕ್ ಗುಂಡಿಗೆ ತಗುಲಿ ಎಲ್ಲ ಮಾಯ. ಗಂಟೆಯೂ ಹೊಡೆಯಿತು. ಅವಳ ಜೊತೆ ನಾನು ಹತ್ತನೇತ್ತೆ ಮುಗಿಯುವವರೆಗೂ ಮಾತಾಡಲಿಲ್ಲ.

ಪರದೆ ಹಿಂಡುತ್ತಾ ಇದನ್ನು ಇವರಿಗೆ ಹೇಳಿದೆ. ಸ್ಕ್ರೂಡ್ರೈವರಿನಿಂದ ತಲೆ ಎತ್ತದೆ ಅಂದರು: "ಓಲ್ಡ್ ಅಂತ ಟೈಪ್ ಮಾಡಿದ್ರ ವಾಪಸ್ ಬರ್ತಿತ್ತಲ್ಲ."

ಮೂರಕ್ಷರ! ನಮ್ಮ ಸರ್‌ಗೂ ಗೊತ್ತಿರಲಿಲ್ಲವೋ, ಹೇಳಲಿಲ್ಲವೋ.

"ಆ ಕೆಪಾಸಿಟರ್ ಲ್ಯಾಮಿಂಗ್ಟನ್ ರೋಡಿನಾಗ ಸಿಗ್ತದೇನ್ರೀ?" ಎಂದೆ.

"ಸಿಗ್ತದ. ಯಾಕ?"

"ಎರಡು ತರ್ರಿ. ಪರದಿ ಬಿಚ್ಚಿಟ್ಟ ಮ್ಯಾಲೆ ಹಚ್ಚರಿ."